ಮೊಬೈಲ್ ಓದಿ ಹೇಳುವ ಮಕ್ಕಳೇ, ಸ್ವಲ್ಪ ನಿಲ್ಲಿ!



ಈಗ ನಮ್ಮೂರಿನ ಎಷ್ಟೋ ಮನೆಗಳಲ್ಲಿ ವಾಟ್ಸಾಪ್ ಇರುವ ಮೊಬೈಲ್ ಇದೆ. ಆದರೆ ಅಜ್ಜಿ ತಾತಂದಿರಿಗೆ ಓದಲು ಬರುವುದಿಲ್ಲ. ‘ಏನ್ ಬಂದೈತೆ ಓದವ್ವ’ ಅಂತ ನಮ್ಮನ್ನೇ ಕರೀತಾರೆ. ನಾವು ಪಾಠ ಓದಿದ ಹಾಗೆ ಜೋರಾಗಿ ಓದುತ್ತೇವೆ. ಶಾಲೆಗೆ ಹೋಗೋ ಮಕ್ಕಳು ಓದಿದ್ದು ಅಂದಮೇಲೆ ನಿಜಾನೇ ಇರಬೇಕು ಅಂತ ಅವರು ನಂಬುತ್ತಾರೆ. ಆದ್ದರಿಂದ ಸುಳ್ಳು ಸುದ್ದಿ ತಡೆಯುವ ಜವಾಬ್ದಾರಿ ಮೊದಲು ನಮ್ಮದೇ ಎಂದು ನನ್ನ ಅಭಿಪ್ರಾಯ.

2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಶುರುವಾಯಿತು. 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆ ಲಸಿಕೆ ಹಾಕಿದರು. ಆಗ ನಾವು ತುಂಬ ಚಿಕ್ಕವರು. ಆ ಲಸಿಕೆಯಿಂದ ಮಕ್ಕಳಿಗೆ ಅಪಾಯ ಎಂದು ವಾಟ್ಸಾಪ್‌ನಲ್ಲಿ ಸುಳ್ಳು ಹಬ್ಬಿತು. ಕೆಲವು ತಂದೆ ತಾಯಂದಿರು ಹೆದರಿದರು. ದಡಾರ ಅಂದರೆ ಬರೀ ಮೈಮೇಲಿನ ಗುಳ್ಳೆ ಅಲ್ಲ. ಅದರಿಂದ ನ್ಯುಮೋನಿಯಾ ಬಂದು ಮಕ್ಕಳು ಸಾಯಬಹುದು. ಗರ್ಭಿಣಿಗೆ ರುಬೆಲ್ಲಾ ಬಂದರೆ ಹುಟ್ಟುವ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ತೊಂದರೆ ಆಗಬಹುದು. ಸುಳ್ಳು ಬರೆದವನಿಗೆ ಏನೂ ಆಗಲ್ಲ. ಕಷ್ಟ ಬರೋದು ಅದನ್ನು ನಂಬಿದ ಮನೆಯ ಮಗುವಿಗೆ.

‘ಗೊತ್ತಿರೋರೇ ಕಳಿಸಿದ್ದಾರಲ್ಲ, ಒಳ್ಳೇದಕ್ಕೇ ಇರುತ್ತೆ’ ಎಂದು ಕೆಲವರು ಹೇಳುತ್ತಾರೆ. ಕಳಿಸಿದ ಮಾವ ಒಳ್ಳೆಯವರೇ. ಆದರೆ ಬರೆದವರು ಮಾವ ಅಲ್ಲವಲ್ಲ! ಸುದ್ದಿಯ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ಬಹಳ ಕೈ ದಾಟಿ ಬಂದಿದೆ ಎಂದು ಅರ್ಥ. ಬಾಣ ಇದ್ದ ಮಾತ್ರಕ್ಕೆ ಸುಳ್ಳು ಅಂತಲ್ಲ, ವಿಚಾರಿಸಬೇಕು ಅಂತ.

ನಾಯಿ ಕಚ್ಚಿದರೆ ಸುಣ್ಣ ಹಚ್ಚಿ, ಖಾರದ ಪುಡಿ ಹಚ್ಚಿ ಎಂದು ಯಾರಾದರೂ ಕಳಿಸಿದರೆ ಏನು ಮಾಡೋಣ? ಹಾಗೆ ಹಚ್ಚಲೇಬಾರದು. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡ ಮಾಡದೆ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಬಹಳ ಅಪರೂಪ. ಇಂಥ ಕಡೆ ಒಂದು ತಪ್ಪು ಸುದ್ದಿ ಜೀವಾನೇ ತೆಗೆಯುತ್ತೆ.

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮ ಹಿರಿಯರೇ ಗಾದೆ ಮಾಡಿದ್ದಾರೆ. ಹಾಗಿರುವಾಗ ಕಾಣದೇ ಇರುವವರು ಬರೆದದ್ದನ್ನು ಪ್ರಮಾಣಿಸದೆ ನಂಬಬಹುದೇ? ಇನ್ನು ಮೇಲೆ ಮನೆಯಲ್ಲಿ ಓದುವಾಗ ಅದರಲ್ಲಿ ಇರುವುದನ್ನು ಮಾತ್ರ ಓದಿ ಸುಮ್ಮನಾಗುವುದು ಬೇಡ. ಇಲ್ಲದೇ ಇರುವುದನ್ನೂ ಹೇಳೋಣ. ‘ಅಜ್ಜಿ, ಡಾಕ್ಟರು ಹೇಳಿದರು ಅಂತ ಇದೆ, ಡಾಕ್ಟರ ಹೆಸರಿಲ್ಲ. ತಾರೀಖೂ ಇಲ್ಲ. ಆಶಾ ಅಕ್ಕನ್ನ ಕೇಳೋಣ’ ಎಂದು ಮೆಲ್ಲಗೆ ಹೇಳಿದರೆ ದೊಡ್ಡವರು ಬೇಜಾರು ಮಾಡಿಕೊಳ್ಳುವುದಿಲ್ಲ. ಅಕ್ಕ ಹೇಳುವ ತನಕ ಯಾರಿಗೂ ಕಳಿಸುವುದು ಬೇಡ.

ಓದಲು ಬಾರದವರು ನಮ್ಮ ಬಾಯನ್ನು ನಂಬಿದ್ದಾರೆ. ಆ ನಂಬಿಕೆ ಉಳಿಸಿಕೊಳ್ಳೋಣ.

ಇತಿ,
7ನೇ ತರಗತಿಯ ವಿದ್ಯಾರ್ಥಿನಿ