ಅಂಚಿನವರನ್ನು ಕತ್ತರಿಸಬೇಡಿ

ಊರಿನಲ್ಲಿ ಹಳೇ ಮನೆ ಪಾಲಾಗುವಾಗ ಹಿತ್ತಾಳೆ ಹಂಡೆಗೂ ಜಗಳ ಆಗುತ್ತೆ. ನೆಗೆಟಿವ್‌ಗಳು ನನಗೆ ಬೇಕು ಅಂತ ಯಾರಾದರೂ ಜಗಳ ತೆಗೆದದ್ದನ್ನು ನಾನಂತೂ ಕೇಳಿಲ್ಲ. "ಫೋಟೋ ಇದೆಯಲ್ಲ ಮಾರಾಯ, ಮೊಬೈಲಲ್ಲಿ ಹೊಡೆದು ಕಳಿಸ್ತೀನಿ. ಆ ಕರಿ ಪಟ್ಟಿ ಯಾಕೆ ನಿಂಗೆ?" ಅನ್ನುತ್ತಾನೆ ಅಣ್ಣ. ಅವನ ಮಾತಿಗೆ ಉತ್ತರವಾಗಿಯೇ ಇದನ್ನು ಬರೆಯುತ್ತಿದ್ದೇನೆ. ಊರಿನಲ್ಲೇ ಉಳಿದ ನೀವೂ ಕೇಳಿಸಿಕೊಳ್ಳಿ.

ನಾನಿರುವುದು ಏಲೂರ್‌ನಲ್ಲಿ. ಕೊಚ್ಚಿಯ ಪಕ್ಕ, ಪೆರಿಯಾರ್ ನದಿಯ ದಡದ ಕಾರ್ಖಾನೆಗಳ ಊರು. 1940ರ ದಶಕದಲ್ಲಿ ಇಲ್ಲಿ ಫ್ಯಾಕ್ಟ್ ಗೊಬ್ಬರದ ಕಾರ್ಖಾನೆ ಶುರುವಾಯಿತು. ವಿಳಾಸದಲ್ಲಿ 'ಉದ್ಯೋಗಮಂಡಲ' ಅಂತ ಬರೆದರೆ ನಮ್ಮ ಕಡೆಯವರು ಉದಕಮಂಡಲ ಅಂತ ಓದಿಕೊಂಡು "ಊಟಿಯಲ್ಲಿ ಚಳಿ ಹೇಗಿದೆ?" ಅಂತ ಕೇಳುತ್ತಾರೆ. ಇಲ್ಲಿ ಬೆವರು ಒರೆಸಿಕೊಂಡೇ ಸಾಕಾಗುತ್ತೆ. ಆದರೆ ಆ ಊಟಿಗೂ ನನ್ನ ಡಬ್ಬಿಯಲ್ಲಿರುವ ನೆಗೆಟಿವ್‌ಗಳಿಗೂ ನಂಟಿದೆ. 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಇದ್ದದ್ದು ಅಲ್ಲೇ. 'ಇಂದು' ಹೆಸರಿನ ಕಪ್ಪು-ಬಿಳುಪು ರೀಲು ಬರುತ್ತಿದ್ದದ್ದು ಅಲ್ಲಿಂದ. ಆ ಕಾರ್ಖಾನೆ ಈಗ ಮುಚ್ಚಿದೆ. ಇರುವ ನೆಗೆಟಿವ್ ಹೋದರೆ ಹೋಯಿತು, ಅಷ್ಟೇ.

ಹೋಗುವುದಕ್ಕೆ ಬಹಳ ಹೊತ್ತು ಬೇಕಾಗಿಲ್ಲ. 2018ರ ಆಗಸ್ಟ್‌ನಲ್ಲಿ ಪೆರಿಯಾರ್ ಉಕ್ಕಿ ಇಲ್ಲಿನ ಮನೆಗಳಿಗೆ ನುಗ್ಗಿತು. ನೀರಿಳಿದ ಮೇಲೆ ಆಲ್ಬಂಗಳನ್ನು ಬಿಸಿಲಿಗೆ ಹರಡಿದ್ದನ್ನು ನೋಡಿದ್ದೇನೆ. ಮದುಮಗಳ ಮುಖ ಪ್ಲಾಸ್ಟಿಕ್ ಹಾಳೆಗೆ ಅಂಟಿಕೊಂಡು ಬರುತ್ತಿತ್ತು. ನೆರೆ ಬಾರದ ವರ್ಷವೂ ಮಳೆಗಾಲದ ತೇವಕ್ಕೆ ಫಿಲಂ ಮೇಲಿನ ಜೆಲಟಿನ್ನಿಗೆ ಬೂಷ್ಟು ಹಿಡಿಯುತ್ತೆ. ಆದ್ದರಿಂದ ಸ್ಕ್ಯಾನ್ ಮಾಡಲೇಬೇಕು. ತಕರಾರಿರುವುದು ಹೇಗೆ ಮಾಡುತ್ತೀರಿ ಅನ್ನುವುದರಲ್ಲಿ.

ಸ್ಕ್ಯಾನರ್ ಕೊಳ್ಳುವವರು ಕೇಳುವ ಮೊದಲ ಪ್ರಶ್ನೆ, "ಎಷ್ಟು ಡಿಪಿಐ?" ಫಿಲಂ ಹಿಡಿಯುವ ಹೋಲ್ಡರ್ ಬಗ್ಗೆ ಯಾರೂ ಕೇಳುವುದಿಲ್ಲ. ಡಬ್ಬದ ಜೊತೆ ಬಿಟ್ಟಿ ಬಂದ ಪ್ಲಾಸ್ಟಿಕ್ ಚೌಕಟ್ಟು ಅಂತ ಅಸಡ್ಡೆ. ಆನೆ ಕೊಂಡವನು ಅಂಕುಶಕ್ಕೆ ಚೌಕಾಸಿ ಮಾಡಿದ ಹಾಗೆ. ಲೆಕ್ಕ ನೋಡಿ: 24 ಮಿ.ಮೀ. ಅಗಲ, 36 ಮಿ.ಮೀ. ಉದ್ದದ ಒಂದು ಚಿತ್ರವನ್ನು 2400 ಡಿಪಿಐನಲ್ಲಿ ತೆಗೆದರೆ ಸುಮಾರು 77 ಲಕ್ಷ ಚುಕ್ಕಿ. 4800ಕ್ಕೆ ಏರಿಸಿದರೆ ಮೂರು ಕೋಟಿ. ಫಿಲಂ ಬಿಲ್ಲಿನ ಹಾಗೆ ಬಾಗಿ ಕೂತಿದ್ದರೆ ನಿಮಗೆ ಸಿಗುವುದು ಮೂರು ಕೋಟಿ ಚುಕ್ಕಿಗಳ ಮಸುಕು. ಚಪ್ಪಟೆ ಸ್ಕ್ಯಾನರಿನ ಮಸೂರ ಗಾಜಿನಿಂದ ಕೆಲವೇ ಮಿ.ಮೀ. ಮೇಲೆ, ಒಂದು ಗೊತ್ತಾದ ಎತ್ತರದಲ್ಲಿ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಫಿಲಂ ಅನ್ನು ಆ ಎತ್ತರದಲ್ಲಿ ಮಟ್ಟಸವಾಗಿ ಹಿಡಿಯುವುದು ಹೋಲ್ಡರಿನ ಕೆಲಸ.

"ಗಾಜಿನ ಮೇಲೇ ಹಾಸಿದರಾಯ್ತು" ಅನ್ನುವವರಿದ್ದಾರೆ. ಫಿಲಂನ ಹೊಳೆಯುವ ಬದಿ ಗಾಜಿಗೆ ತಾಗಿದರೆ ನಡುವಿನ ತೆಳು ಗಾಳಿಯಿಂದ ಕಾಮನಬಿಲ್ಲಿನ ಉಂಗುರಗಳು ಮೂಡುತ್ತವೆ. ಅವಕ್ಕೆ ನ್ಯೂಟನ್ ಉಂಗುರ ಅಂತ ಹೆಸರು. ನಮ್ಮ ಕೊಚ್ಚಿಯ ತೇವದಲ್ಲಂತೂ ಫಿಲಂ ಗಾಜಿಗೇ ಅಂಟಿಕೊಳ್ಳುತ್ತೆ.

ಹಾಗಾದರೆ ಆರಿಸುವುದು ಹೇಗೆ? ಮೊದಲು ನಿಮ್ಮ ಡಬ್ಬಿ ತೆರೆದು ಅಳೆಯಿರಿ. 35 ಮಿ.ಮೀ. ಪಟ್ಟಿ ಮಾತ್ರವೋ, ಅಥವಾ ಅಗ್ಫಾ ಕ್ಲಿಕ್, ಯಾಶಿಕಾ ಕಾಲದ ಆರು ಸೆಂಟಿಮೀಟರ್ ಅಗಲದ 120 ಫಿಲಮ್ಮೂ ಇದೆಯೋ? ಅಗ್ಗದ ಎಷ್ಟೋ ಯಂತ್ರಗಳು ದೊಡ್ಡದನ್ನು ಹಿಡಿಯುವುದೇ ಇಲ್ಲ. ಹೋಲ್ಡರ್ ಕಳೆದುಹೋದ ಸೆಕೆಂಡ್‌ಹ್ಯಾಂಡ್ ಸ್ಕ್ಯಾನರ್ ಎಷ್ಟೇ ಅಗ್ಗವಾದರೂ ಬೇಡ. 2014ರಲ್ಲಿ ಬಂದ ಎಪ್ಸನ್ ವಿ800ರ ಹೋಲ್ಡರಿಗೆ ಎತ್ತರ ಹೊಂದಿಸುವ ಕಾಲುಗಳಿದ್ದವು, ಉಂಗುರ ಮೂಡಿಸದ ಹಾಳೆಯೂ ಇತ್ತು. ವಿ600ರದ್ದಕ್ಕೆ ಆ ಕಾಲುಗಳಿಲ್ಲ. ಅಂಥದ್ದಿದ್ದರೆ ಎರಡೂ ತುದಿಗೆ ಒಂದೊಂದು ಕಾಗದದ ಚೂರು ಇಟ್ಟು, ಮತ್ತೆ ಎರಡೆರಡು ಇಟ್ಟು, ಒಂದೇ ಚಿತ್ರವನ್ನು ಮೂರು ಸಲ ತೆಗೆದು ನೋಡಿ. ಫಿಲಂನ ಕಣ ಎಲ್ಲಿ ಚೂಪಾಗಿ ಕಾಣುತ್ತೋ ಅದೇ ನಿಮ್ಮ ಎತ್ತರ. ಈ ಹೋಲ್ಡರುಗಳಲ್ಲಿ ಹೊಳೆಯುವ ಬದಿ ಕೆಳಗಿರಬೇಕು, ಮೇಲಿಂದ ನೋಡಿದಾಗ ಅಂಚಿನ ಅಕ್ಷರ ಉಲ್ಟಾ ಕಾಣಬೇಕು. ಒಂದು ತುದಿಯಲ್ಲಿರುವ ಖಾಲಿ ಕಿಂಡಿಯನ್ನು ಮುಚ್ಚಬೇಡಿ. ಸ್ಕ್ಯಾನರ್ ತನ್ನ ಬೆಳಕನ್ನು ಅಳೆದುಕೊಳ್ಳುವುದು ಅಲ್ಲಿ. ಮುಚ್ಚಿದರೆ ಚಿತ್ರದ ಉದ್ದಕ್ಕೂ ಗೆರೆ ಬೀಳುತ್ತೆ. ಸುರುಳಿ ಬಿಡದ ಪಟ್ಟಿಯನ್ನು ಕಾಗದದ ಲಕೋಟೆಯಲ್ಲಿಟ್ಟು ದಪ್ಪ ಪುಸ್ತಕದಡಿ ಕೆಲವು ದಿನ ಬಿಡಿ.

ಇನ್ನು ನನ್ನ ನಿಜವಾದ ಸಿಟ್ಟು. ನಮ್ಮೂರ ಕಡೆಯ ಅಂಗಡಿಯೊಂದಕ್ಕೆ ಆರು ಚಿತ್ರಗಳ ಪಟ್ಟಿ ಕೊಟ್ಟಿದ್ದೆ. ಅವರ ಹೋಲ್ಡರಿಗೆ ಉದ್ದವಾಯಿತು ಅಂತ ಕತ್ತರಿಯಿಂದ ಕತ್ತರಿಸಿ ಕೊಟ್ಟರು. ಕತ್ತರಿ ಬಿದ್ದದ್ದು ಎರಡು ಚಿತ್ರಗಳ ನಡುವೆ ಅಲ್ಲ, ಒಂದು ಚಿತ್ರದ ಮೇಲೇ. ತಲೆಗೆ ತಕ್ಕ ಪೇಟ ಹುಡುಕೋ ಬದಲು ತಲೆಯನ್ನೇ ಕೆತ್ತಿದರೆ ಹೇಗೆ ಸ್ವಾಮಿ?

ಕತ್ತರಿ ಬೀಳದಿದ್ದರೂ ಅಂಚು ಹೋಗುತ್ತೆ. ಅಗ್ಫಾ ಕ್ಲಿಕ್‌ನ ಚಿತ್ರ ಚೌಕ. ಉದ್ದನೆಯ ಕಾಗದಕ್ಕೆ ಪ್ರಿಂಟ್ ಹಾಕುವಾಗ ಸ್ಟುಡಿಯೋದವರು ಬದಿಗಳನ್ನು ಬಿಟ್ಟುಬಿಡುತ್ತಿದ್ದರು. ಬಿಟ್ಟುಹೋದವರು ಯಾರು? ಗುಂಪಿನ ನಡುವೆ ಕುರ್ಚಿಯಲ್ಲಿ ಕೂತ ಯಜಮಾನರಂತೂ ಅಲ್ಲ. ಕಂಬಕ್ಕೆ ಒರಗಿ ನಿಂತ ವಿಧವೆ ಅತ್ತೆ, ಬಾಗಿಲ ಸಂದಿಯಿಂದ ಇಣುಕಿದ ಅಡುಗೆಯವಳು, ಕರೆದರೂ ಮಧ್ಯಕ್ಕೆ ಬಾರದ ಹುಡುಗ. ಅಂಥವರು ಫೋಟೋದಲ್ಲಿಲ್ಲ, ನೆಗೆಟಿವ್‌ನಲ್ಲಿದ್ದಾರೆ. ಅಣ್ಣ ಮೊಬೈಲಲ್ಲಿ ಹೊಡೆದು ಕಳಿಸುವುದು ಅವರಿಲ್ಲದ ಚಿತ್ರವನ್ನು. ಕಿಟಕಿ ಕಿರಿದಾದ ಹೋಲ್ಡರ್ ಅವರನ್ನು ಎರಡನೇ ಸಲ ಹೊರಗಿಡುತ್ತೆ. ಆದ್ದರಿಂದ ಚಿತ್ರ ಪೂರ್ತಿ ಕಾಣುವಂಥ, ಸಾಧ್ಯವಾದರೆ ಸುತ್ತಲಿನ ಕರಿ ಅಂಚಿನ ಚೂರೂ ಕಾಣುವಂಥ ಹೋಲ್ಡರನ್ನೇ ಆರಿಸಿ. ಅಂಗಡಿಗೆ ಕೊಡುವುದಾದರೆ ಮೊದಲು "ನಿಮ್ಮ ಹೋಲ್ಡರ್ ತೋರಿಸಿ" ಅಂತ ಕೇಳಿ. ಮುಖ ಸಿಂಡರಿಸಿದರೆ ವಾಪಸ್ ಬನ್ನಿ.

ಊರು ಬಿಟ್ಟವರಿಗೆ ಮನೆಯ ಪಾಲು ಅಂತ ಬರುವುದು ಕಡಿಮೆ. ಜಮೀನು ನೀವೇ ಇಟ್ಟುಕೊಳ್ಳಿ, ಹಂಡೆಯೂ ನಿಮಗೇ ಇರಲಿ. ಆ ಕರಿ ಪಟ್ಟಿಗಳನ್ನು ಮಾತ್ರ ಎಸೆಯಬೇಡಿ. ಸ್ಕ್ಯಾನ್ ಆದ ಮೇಲೂ ಎಸೆಯಬೇಡಿ. ಕತ್ತರಿಸದೆ, ಕಾಗದದ ಲಕೋಟೆಯಲ್ಲಿ, ಒಣಗಿದ ಜಾಗದಲ್ಲಿಡಿ. ಮುಂದಿನ ರಜೆಗೆ ಬಂದಾಗ ನಾನೇ ತೆಗೆದುಕೊಂಡು ಹೋಗುತ್ತೇನೆ.