ಸಿಪ್ಪೆಯಿರುವ ಹಣ್ಣಿಗೆ ಫಾಯಿಲ್ ಯಾಕೆ ಸ್ವಾಮಿ?

ಶನಿವಾರ ಬಂತೆಂದರೆ ಸಕಲೇಶಪುರ, ಚಿಕ್ಕಮಗಳೂರು, ಕೊಡಗಿನ ಕಡೆ ಗಾಡಿ ತಿರುಗಿಸುವ ಮಹನೀಯರೇ, ನೀವು ಹೊರಟ ಮೇಲೆ ಕ್ಯಾಂಪ್‌ಫೈರ್ ಹಾಕಿದ ಜಾಗ ಹೇಗಿರುತ್ತದೆಂದು ನಿಮಗೆ ಗೊತ್ತು. ಗೊತ್ತಿಲ್ಲವೆನ್ನಬೇಡಿ. ಬೂದಿ ಕೆದಕಿದರೆ, ನೀವು ಚಾಕೊಲೇಟು ತುಂಬಿದ ಬಾಳೆಹಣ್ಣಿಗೆ ಸುತ್ತಿ ಸುಟ್ಟ ಅಲ್ಯೂಮಿನಿಯಂ ಫಾಯಿಲ್ ಚೂರುಗಳು, ಅವಕ್ಕೆ ಮೆತ್ತಿದ ಚಾಕೊಲೇಟು, ಬಾಳೆಹಣ್ಣು. ಹೋದ ವಾರ ಸಿಹಿ ವಾಸನೆಗೆ ಬಂದ ಕರುವೊಂದು ಆ ಫಾಯಿಲನ್ನು ಜಗಿಯುತ್ತಿತ್ತು. ಬಾಯಿಗೆ ಕೈಹಾಕಿ ಎಳೆಯುವಷ್ಟರಲ್ಲಿ ಅರ್ಧ ಒಳಗೆ ಹೋಗಿತ್ತು.

"ಬೆಂಕಿಗೆ ಹಾಕಿದ್ದೇವಲ್ಲ, ಸುಟ್ಟುಹೋಗುತ್ತೆ" ಅನ್ನುತ್ತೀರಿ. ಅಲ್ಯೂಮಿನಿಯಂ ಕರಗುವುದಕ್ಕೇ 660 ಡಿಗ್ರಿ ಸೆಲ್ಸಿಯಸ್ ಬೇಕು. ಕರಗಿದರೂ ಅದು ಲೋಹವೇ. ನಿಮ್ಮ ಬೆಂಕಿಯಲ್ಲಿ ಅದು ಹರಿದು ಚೂರಾಗುತ್ತದೆ, ಅಷ್ಟೆ. ಆ ಚೂರು ಹೆಕ್ಕುವವರು ಯಾರು? ಮಳೆ ಬಂದರೆ ಹಳ್ಳಕ್ಕೆ, ಹಳ್ಳದಿಂದ ನಮ್ಮ ಗದ್ದೆಗೆ.

ಇದರಲ್ಲಿ ಕ್ಷಮಿಸಲಾಗದ್ದು ಒಂದಿದೆ: ಆ ಫಾಯಿಲ್ ಬೇಕಾಗಿಯೇ ಇರಲಿಲ್ಲ. ಬಾಳೆಹಣ್ಣು ಹುಟ್ಟುವಾಗಲೇ ದಪ್ಪ ಸಿಪ್ಪೆ ಹೊದ್ದುಕೊಂಡು ಬರುತ್ತದೆ. ಅದರ ಮೇಲೆ ಲೋಹದ ಅಂಗಿ ತೊಡಿಸುವ ಬುದ್ಧಿ ಎಲ್ಲಿಂದ ಬಂತು? ಯಾವುದೋ ದೇಶದ ವಿಡಿಯೋ ನೋಡಿ. ಬಚ್ಚಲೊಲೆಯ ಕೆಂಡದಲ್ಲಿ ಗೆಣಸು, ಹಲಸಿನ ಬೀಜ ಸುಟ್ಟು ತಿಂದವರ ಮೊಮ್ಮಕ್ಕಳಲ್ಲವೇ ನಾವು? ಅವರು ಏನು ಸುತ್ತಿದ್ದರು?

ಮಾಡುವುದು ಇಷ್ಟೇ. ಚೆನ್ನಾಗಿ ಕಳಿತ ನೇಂದ್ರ ಬಾಳೆಯನ್ನು ಒಂದು ಬದಿ ಮಾತ್ರ ಉದ್ದಕ್ಕೆ ಸೀಳಿ. ಅಡಿಯ ಸಿಪ್ಪೆ ತೂತಾಗಬಾರದು. ಪುಡಿಬೆಲ್ಲ, ಕಾಯಿತುರಿ, ಚಿಟಿಕೆ ಏಲಕ್ಕಿ ತುಂಬಿ. ಉರಿ ಇಳಿದು ಕೆಂಡವಾದ ಮೇಲೆ, ಸೀಳು ಮೇಲಾಗಿರುವಂತೆ ಇಡಿ. ಸಿಪ್ಪೆ ಕಪ್ಪಾಗಿ ಬೆಲ್ಲ ಕುದಿಯತೊಡಗಿದರೆ ಆಯಿತು. ಸಿಪ್ಪೆಯೇ ತಟ್ಟೆ, ಚಮಚದಲ್ಲಿ ತಿನ್ನಿ. ಉಳಿದದ್ದು ತೋಟಕ್ಕೆ ಗೊಬ್ಬರ. ಅನಾನಸ್ ಹೋಳಿಗಾದರೆ ಬಾಳೆ ಎಲೆ ಸುತ್ತಿ.

ಇದೂ ಹೋಂಸ್ಟೇ ಅಂಗಳದಲ್ಲಿ ಮಾತ್ರ, ಎದ್ದುಹೋಗುವಾಗ ಕೆಂಡಕ್ಕೆ ನೀರು ಸುರಿದು. ಕಾಡಿನೊಳಗೆ ಬೆಂಕಿಯ ಮಾತೇ ಬೇಡ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದನ್ನು ಮರೆತಿರಾ?

ಹೋಂಸ್ಟೇ ಮಾಲೀಕರೇ, ನಿಮಗೂ ಹೇಳಬೇಕು. ಹಿತ್ತಲ ತುಂಬ ಬಾಳೆ ಬೆಳೆದುಕೊಂಡು, ಸೌದೆಯ ಜೊತೆಗೆ ಫಾಯಿಲ್ ಸುರುಳಿ ಕೊಡುತ್ತೀರಲ್ಲ, ನಾಚಿಕೆಯಾಗುವುದಿಲ್ಲವೇ? ಆ ಕರು ನಿಮ್ಮ ಪಕ್ಕದ ಮನೆಯದೇ. ಅದರ ಹೊಟ್ಟೆ ಸೇರಿದ್ದು ಅರಗುವ ವಸ್ತುವಲ್ಲ.

ಕೈಮುಗಿದು ಕೇಳುತ್ತೇನೆ. ಮುಂದಿನ ಶನಿವಾರ ಬ್ಯಾಗು ತುಂಬುವಾಗ ಆ ಸುರುಳಿಯನ್ನು ಮನೆಯಲ್ಲೇ ಬಿಟ್ಟುಬನ್ನಿ. ಬಿಡಲಾಗದಿದ್ದರೆ ದಯವಿಟ್ಟು ನೀವೂ ಮನೆಯಲ್ಲೇ ಇರಿ.