ಸಂಘದ ಫೋನಿಗೊಂದು ಬೇರೆ ಕೋಣೆ

ಸೋದರಿಯರೆ, ಕಳೆದ ಸಲ ಶೇಂಗಾ ಚಟ್ನಿಯ ಬಗ್ಗೆ ಬರೆದಾಗ ಬಂದ ಪತ್ರಗಳಲ್ಲಿ ಜೇವರ್ಗಿಯ ಸೋದರಿಯೊಬ್ಬರ ಪ್ರಶ್ನೆ ಬೇರೆಯೇ ಇತ್ತು. “ನಮ್ಮ ರೊಟ್ಟಿ ಸಂಘದ ಲೆಕ್ಕ, ಗಿರಾಕಿಗಳ ನಂಬರು, ಬ್ಯಾಂಕಿನ ವ್ಯವಹಾರ ಎಲ್ಲಾ ನನ್ನ ಫೋನಿನ್ಯಾಗ ಅದಾವ. ಅದೇ ಫೋನಿನ್ಯಾಗ ಮಕ್ಕಳು ಆಟಾ ಆಡ್ತಾವ. ಏನ್ ಮಾಡ್ಲಿ ಅಕ್ಕಾ?”

ಈ ಪತ್ರ ಓದಿದಾಗ ನನಗೆ ಅಫಜಲಪುರದ ನಾದಿನಿಯ ನೆನಪಾಯಿತು. ಅವಳೂ ಹನ್ನೊಂದು ಜನರ ರೊಟ್ಟಿ ಸಂಘದ ಲೆಕ್ಕ ನೋಡುವವಳು. ಗಾಣಗಾಪುರಕ್ಕೆ ಬರುವ ಭಕ್ತರಿಂದ ಹಿಡಿದು ಪುಣೆಯವರೆಗೆ ಗಿರಾಕಿಗಳು. ಹೋದ ಲಗ್ನಸರಾಯಿಯಲ್ಲಿ ವಾಟ್ಸಾಪಿಗೆ ಲಗ್ನಪತ್ರಿಕೆ ಎಂದು ಒಂದು ಫೈಲು ಬಂತು. ಕೊನೆಯಲ್ಲಿ ‘ಎಪಿಕೆ’ ಎಂಬ ಮೂರಕ್ಷರ. ಹುಡುಗ ಒತ್ತಿಬಿಟ್ಟ. ಅದು ಪತ್ರಿಕೆಯಲ್ಲ, ಆ್ಯಪು. ಒಳಗೆ ಸೇರಿಕೊಂಡು ಬ್ಯಾಂಕಿನಿಂದ ಬರುವ ಒಟಿಪಿ ಸಂದೇಶಗಳನ್ನೆಲ್ಲ ಕಳ್ಳನಿಗೆ ಕಳಿಸತೊಡಗಿತು. ಜೋಳ ತರಲು ಇಟ್ಟಿದ್ದ ಹದಿನೆಂಟು ಸಾವಿರ ಹೋಯಿತು. “ವೈನಿ, ರೊಕ್ಕಾ ಹೋದದ್ದಕ್ಕಿಂತಾ ಮಂದಿ ನನ್ನ ಮಾರಿ ನೋಡಿದ್ದು ಹೆಚ್ಚಿಗಿ ಬ್ಯಾನಿ ಆತು” ಅಂದಳು. ಅವಳೇ ತೆಗೆದಿರಬೇಕು ಎಂದು ಇಬ್ಬರು ಆಡಿಕೊಂಡರಂತೆ. ಅದೇ ದಿನ 1930ಕ್ಕೆ ಫೋನು ಮಾಡಿದ್ದರಿಂದ ಸ್ವಲ್ಪ ಹಣ ತಡೆಯಾಯಿತು. ಆಡಿದ ಮಾತನ್ನು ಯಾವ ನಂಬರೂ ತಡೆಯಲಿಲ್ಲ.

ಹಾಗಾದರೆ ದೋಷ ಆ್ಯಂಡ್ರಾಯ್ಡ್ ಫೋನಿನದೇ? ಪೂರ್ತಿ ಅಲ್ಲ. 2008ರಿಂದ ಮಾರುಕಟ್ಟೆಯಲ್ಲಿರುವ ಈ ಆ್ಯಂಡ್ರಾಯ್ಡಿನ ತಿರುಳು ಎಲ್ಲರಿಗೂ ಬಿಚ್ಚಿಟ್ಟದ್ದು. ನಾವು ಈ ಪುಟದಲ್ಲಿ ಹೋಳಿಗೆ ಮಾಡುವ ವಿಧಾನ ಅಚ್ಚು ಹಾಕಿಸಿದಂತೆ ಅನ್ನಿ. ಯಾರು ಬೇಕಾದರೂ ಮಾಡಬಹುದು, ಬೆಲ್ಲ ಹೆಚ್ಚಾಯಿತೆಂದು ತಪ್ಪನ್ನೂ ತೋರಿಸಬಹುದು. ಅದಕ್ಕೇ ಇಷ್ಟೊಂದು ಕಂಪನಿಗಳ ಅಗ್ಗದ ಫೋನುಗಳು. 2023ರಲ್ಲಿ ಮದರಾಸಿನ ಐಐಟಿಯಲ್ಲಿ ಬೆಳೆದ ಕಂಪನಿಯೊಂದು ಇದೇ ತಿರುಳಿನಿಂದ, ಬೇಡದ ಆ್ಯಪುಗಳನ್ನು ಬಿಟ್ಟು, ಭಾರ್‌ಓಎಸ್ ಎಂಬುದನ್ನು ಮಾಡಿ ತೋರಿಸಿತು. ಆದರೆ ಎಲ್ಲಿಂದ ಬೇಕಾದರೂ ಆ್ಯಪು ತಂದು ಹಾಕಿಕೊಳ್ಳಲು ಬಿಡುವ ಗುಣವೂ ಆ್ಯಂಡ್ರಾಯ್ಡಿಗಿದೆ. ಲಗ್ನಪತ್ರಿಕೆ ಒಳಗೆ ಬಂದದ್ದು ಆ ಬಾಗಿಲಿನಿಂದ.

ಒಂದೇ ಯಂತ್ರ, ಹಲವು ಕೈ ಎಂಬ ಚಿಂತೆ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್‌ನವರೂ ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. ಅಂಗೈಯಗಲದ ಕಂಪ್ಯೂಟರು, ಒಳಗೆ ಲಿನಕ್ಸ್. ಇಂದಿನ ಆ್ಯಂಡ್ರಾಯ್ಡಿನ ಬುಡದಲ್ಲೂ ಲಿನಕ್ಸೇ ಇದೆ. ಊರಿಗೊಂದು ಯಂತ್ರ ಸಾಕು, ಪ್ರತಿಯೊಬ್ಬರಿಗೂ ಅವರದೇ ಒಂದು ಸ್ಮಾರ್ಟ್ ಕಾರ್ಡು. ಕಾರ್ಡು ಹಾಕಿದರೆ ಅವರ ವಿಷಯ ಮಾತ್ರ, ತೆಗೆದರೆ ಮುಂದಿನವರ ಪಾಳಿ. 2004ರಲ್ಲಿ ಅಮಿಡಾ ಹೆಸರಿನಲ್ಲಿ ಅದು ಮಾರಾಟಕ್ಕೂ ಬಂತು, ಹೆಚ್ಚು ನಡೆಯಲಿಲ್ಲ. ಆ ಕಾರ್ಡಿನ ವಿಚಾರ ಮಾತ್ರ ನಮ್ಮಂಥವರ ಮನೆ ನೋಡಿ ಮಾಡಿದಂತಿತ್ತು ಎಂದು ನನಗೆ ಅನಿಸುತ್ತದೆ.

ಈಗ ಕಾರ್ಡಿಲ್ಲ, ಕೋಣೆಗಳಿವೆ. 2014ರ ಆ್ಯಂಡ್ರಾಯ್ಡ್ 5ರಿಂದ ಫೋನಿನೊಳಗೆ ಕೆಲಸಕ್ಕೇ ಬೇರೆ ಕೋಣೆ ಮಾಡುವ ಸೌಲಭ್ಯ ಬಂದಿದೆ. ‘ವರ್ಕ್ ಪ್ರೊಫೈಲ್’ ಅನ್ನುತ್ತಾರೆ. ಆ ಕಡೆಯ ಆ್ಯಪುಗಳ ಮೇಲೆ ಪುಟ್ಟ ಚೀಲದ ಗುರುತಿರುತ್ತದೆ. ಕಂಪನಿಯವರು ತಮ್ಮ ಜಾಗದಲ್ಲೇ ಕೂತು ಆ ಕೋಣೆಗೆ ಬೀಗ ಹಾಕಬಹುದು, ಇಂಥದೇ ಆ್ಯಪು ಇರಲಿ ಎನ್ನಬಹುದು, ಕೆಲಸ ಬಿಟ್ಟರೆ ಆ ಕೋಣೆಯನ್ನಷ್ಟೇ ಗುಡಿಸಿ ಹಾಕಬಹುದು. ಫೋನು ನಿಮ್ಮದೇ ಆಗಿದ್ದರೆ ಈ ಕಡೆಯ ನಿಮ್ಮ ಫೋಟೋ, ಮಾತುಕತೆ ಅವರಿಗೆ ಕಾಣುವುದಿಲ್ಲ. ಫೋನೇ ಅವರದಾಗಿದ್ದರೆ ಮಾತು ಬೇರೆ, ಪೂರ್ತಿ ಫೋನು ಅವರ ಕೈಯಲ್ಲಿರಬಹುದು. ಪೋಷಣ್ ಟ್ರ್ಯಾಕರ್ ತುಂಬುವ ಅಂಗನವಾಡಿ ಟೀಚರಮ್ಮಂದಿರೇ ಆಗಲಿ, ಅಂಗಡಿಯ ಕೆಲಸಕ್ಕೆ ಹೋಗುವ ಹುಡುಗಿಯರೇ ಆಗಲಿ, ಫೋನು ಕೈಗೆ ಬಂದ ದಿನವೇ ಇದನ್ನು ಕೇಳಿಕೊಳ್ಳಿ. ಕೇಳುವುದರಲ್ಲಿ ಸಂಕೋಚವೇನು?

ಆದರೆ ಜೇವರ್ಗಿಯ ಸೋದರಿಗೆ ನಾನು ಹೇಳುವುದು ಈ ವರ್ಕ್ ಪ್ರೊಫೈಲನ್ನಲ್ಲ. ಕೋಣೆ ಎರಡಾದರೂ ಎಸ್ಸೆಮ್ಮೆಸ್ಸು ಬರುವ ಬಾಗಿಲು ಒಂದೇ. ಮನೆಯ ಕಡೆ ಹೊಕ್ಕ ಕಳ್ಳ ಆ್ಯಪೂ ಒಟಿಪಿ ಓದಬಲ್ಲದು. ಆದ್ದರಿಂದ ಮಕ್ಕಳಿಗೇ ಬೇರೆ ಕೋಣೆ ಕೊಡಿ. ಸೆಟ್ಟಿಂಗ್ಸಿನಲ್ಲಿ ‘ಬಹು ಬಳಕೆದಾರರು’ ಎಂದು ಹಲವು ಫೋನುಗಳಲ್ಲಿ ಇರುತ್ತದೆ. ಅಲ್ಲಿ ಅತಿಥಿ ಅಥವಾ ಇನ್ನೊಬ್ಬ ಬಳಕೆದಾರನನ್ನು ಸೇರಿಸಿ, ಕರೆ ಮತ್ತು ಎಸ್ಸೆಮ್ಮೆಸ್ಸು ಮಾತ್ರ ಕೊಡಬೇಡಿ. ಕೆಲವು ಕಂಪನಿಗಳು ಇದನ್ನು ತೆಗೆದಿರುತ್ತವೆ. ಆಗ ಉಳಿಯುವುದು ಒಂದೇ ದಾರಿ, ಎಲ್ಲರೂ ವಂತಿಗೆ ಹಾಕಿ ಸಂಘಕ್ಕೇ ಒಂದು ಸಾದಾ ಫೋನು, ಬ್ಯಾಂಕಿಗೆ ಕೊಟ್ಟ ಸಿಮ್ಮು ಅದರಲ್ಲೇ. ಹಳೆಯ ಫೋನಾದರೆ ಮೊದಲು ಪೂರ್ತಿ ಅಳಿಸಿ, ಸಂಘದ ಹೆಸರಿನ ಹೊಸ ಗೂಗಲ್ ಖಾತೆ ಹಾಕಿ. ಕಂಪನಿಯವರು ಅಪ್‌ಡೇಟ್ ಕಳಿಸುವುದನ್ನು ನಿಲ್ಲಿಸಿದ ಫೋನು ಬೇಡವೇ ಬೇಡ. ಅಪರಿಚಿತ ಆ್ಯಪುಗಳನ್ನು ಹಾಕುವ ಅನುಮತಿ ವಾಟ್ಸಾಪಿಗಾಗಲಿ ಬ್ರೌಸರಿಗಾಗಲಿ ಇದ್ದರೆ ತೆಗೆಯಿರಿ.

ಇನ್ನು *#06# ಒತ್ತಿದರೆ ಹದಿನೈದು ಅಂಕಿಗಳ ಐಎಂಇಐ ನಂಬರು ಬರುತ್ತದೆ. ಅದನ್ನು ಸಂಘದ ಠರಾವು ಪುಸ್ತಕದಲ್ಲಿ ಬರೆದಿಡಿ. ಫೋನು ಕಳೆದರೆ ಪೊಲೀಸ್ ದೂರು ಕೊಟ್ಟು, 2023ರಲ್ಲಿ ಬಂದ ಸಂಚಾರ ಸಾಥಿಯಲ್ಲಿ ಆ ನಂಬರಿನ ಫೋನನ್ನೇ ನಿಲ್ಲಿಸಬಹುದು. ಲೆಕ್ಕ ನೋಡುವವರು ಬದಲಾದ ದಿನ ಪಾಸ್‌ವರ್ಡು, ಪಿನ್ನು ಎಲ್ಲಾ ಬದಲಾಗಲಿ. ಅದನ್ನೂ ಸಭೆಯಲ್ಲೇ ಠರಾವು ಮಾಡಿ. ನನ್ನ ನಾದಿನಿ ಈಗ ಹಾಗೇ ಮಾಡಿಸಿದ್ದಾಳೆ. ಅಂದು ಆಡಿಕೊಂಡ ಇಬ್ಬರಲ್ಲಿ ಒಬ್ಬಾಕೆಗೇ ಈ ವರ್ಷದ ಫೋನು ಒಪ್ಪಿಸಿದ್ದಾಳೆ, ಜಾಣೆ!

ಜೇವರ್ಗಿಯ ಸೋದರಿ ಕಟಕ ರೊಟ್ಟಿ ಮಳೆಗಾಲದಲ್ಲಿ ಮೆತ್ತಗಾಗದಂತೆ ಕಟ್ಟುವುದು ಹೇಗೆ ಎಂದೂ ಕೇಳಿದ್ದಾರೆ. ಆಳಂದದ ನಮ್ಮ ಓಣಿಯ ಹಿರಿಯರೊಬ್ಬರನ್ನು ವಿಚಾರಿಸಿದ್ದೇನೆ, ಮುಂದಿನ ಸಂಚಿಕೆಯಲ್ಲಿ ಬರೆಯುವೆ.